ಗಾಯಗೊಂಡ ಮಾಜಿ ಸೈನಿಕರನ್ನ ನಿಮ್ಮ ಸ್ಟಾಫ್ ಜೊತೆ ಮಾತಿಗೆ ಕೂರಿಸೋದು ಹೇಗೆ (ಶಾಲು, ಹಾರ ಇಲ್ದೆ)

ಮೊದ್ಲೇ ಹೇಳ್ಬಿಡ್ತೀನಿ, ಇದು ಸನ್ಮಾನ ಮಾಡೋದು ಹೇಗೆ ಅನ್ನೋ ಗೈಡ್ ಅಲ್ಲ. ಅದು ನಮಗೆಲ್ಲ ಚೆನ್ನಾಗೇ ಬರುತ್ತೆ, ಕಾರ್ಗಿಲ್ ವಿಜಯ ದಿವಸಕ್ಕೋ ಆಗಸ್ಟ್ 15ಕ್ಕೋ ಒಬ್ರು ಮಾಜಿ ಸೈನಿಕರನ್ನ ಕರೆಸಿ, ಮೈಸೂರು ಪೇಟ ಇಟ್ಟು, ಶಾಲು ಹೊದ್ಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು, ವೇದಿಕೆ ಮೇಲಿರೋ ಗಣ್ಯರೆಲ್ಲ 'ಇಂಥವರೇ ನಮಗೆ ಸ್ಫೂರ್ತಿ' ಅಂತ ಮಾತಾಡಿ ಮುಗಿಸಿ, ಕೊನೇಲಿ ಅವ್ರಿಗೆ ಐದು ನಿಮಿಷ ಮೈಕ್ ಕೊಡೋದು, ಅಷ್ಟೊತ್ತಿಗೆ ಹಿಂದಿನ ಸಾಲಿನವ್ರು ಊಟದ ಕಡೆ ಎದ್ದು ಹೋಗಿರ್ತಾರೆ. ಅದ್ರಿಂದ ಯಾರಿಗೂ ನಷ್ಟ ಇಲ್ಲ ಬಿಡಿ, ಆದ್ರೆ ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್‌ಗೆ ಏನಾದ್ರೂ ಸಿಕ್ತಾ ಅಂದ್ರೆ ಸಿಗ್ಲಿಲ್ಲ.

ನಾನು ಹೇಳ್ತಿರೋದು ಬೇರೆ ಥರದ್ದು. ತಾಲೂಕು ಆಸ್ಪತ್ರೆ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, 108 ಆಂಬ್ಯುಲೆನ್ಸ್‌ನವ್ರು, ಪೌರಕಾರ್ಮಿಕರು, ಲೈನ್‌ಮನ್‌ಗಳು, ಹಿಂಗೆ ದಿನಾ ಮುಂದೆ ನಿಂತು ಕೆಲ್ಸ ಮಾಡೋರು ಹತ್ತು ಹನ್ನೆರಡು ಜನ, ಅವ್ರ ಎದುರಿಗೆ ಕಾಲೋ ಕೈಯೋ ಬೆನ್ನುಹುರಿಯೋ ಪೆಟ್ಟಾಗಿ ವರ್ಷಗಟ್ಲೆ ಅದ್ರ ಜೊತೆ ಬದುಕಿರೋ ಒಬ್ರು ಮಾಜಿ ಸೈನಿಕರು, ಒಂದೂವರೆ ಗಂಟೆ, ಬಾಗಿಲು ಹಾಕ್ಕೊಂಡು, ಕಷ್ಟದ ಕೆಲ್ಸದ ಒತ್ತಡ ತಡ್ಕೊಂಡು ದಿನಾ ಬದುಕೋದು ಹೇಗೆ ಅಂತ ಮಾತು. ಬ್ರಿಟನ್ನಲ್ಲಿ ಬ್ಲೆಸ್ಮಾ ಅಂತ ಕೈಕಾಲು ಕಳ್ಕೊಂಡ ಮಾಜಿ ಸೈನಿಕರ ಸಂಸ್ಥೆ ಇದೆ, ಅವ್ರು ಗಾಯಾಳುಗಳಿಗೆ ಮೊದ್ಲು ತಮ್ಮ ಕಥೆ ಹೇಳೋದಕ್ಕೆ ಸರಿಯಾಗಿ ಟ್ರೈನಿಂಗ್ ಕೊಟ್ಟು ಆಮೇಲೆ ಬೇರೆಯವ್ರ ಮುಂದೆ ಕಳಿಸ್ತಾರೆ. ನಮ್ಮಲ್ಲಿ ಅಷ್ಟು ವ್ಯವಸ್ಥೆ ಇಲ್ಲ, ಆದ್ರೆ ಒಂದು ಪಿಎಚ್‌ಸಿ ಮೀಟಿಂಗ್ ಹಾಲ್, ಇಬ್ರು ತಲೆ ಇರೋ ಆಯೋಜಕರು ಇದ್ರೆ ಸಾಕು, ಮಾಡ್ಬಹುದು.

ಯಾರನ್ನ ಕರೀಬೇಕು

ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಆಫೀಸಿಂದ ಶುರು ಮಾಡಿ, ಇಲ್ಲಾ ತಾಲೂಕಿನ ಮಾಜಿ ಸೈನಿಕರ ಸಂಘ. ಕೊಡಗು, ಬೆಳಗಾವಿ ಕಡೆ ಆದ್ರೆ ಹುಡುಕೋದೇ ಬೇಡ, ಒಂದು ಮಾತು ಹೇಳಿದ್ರೆ ಸಂಜೆಯೊಳಗೆ ಫೋನ್ ಬರುತ್ತೆ. ಸಂಘದ ಅಧ್ಯಕ್ಷರ ಮೂಲಕ ಕೇಳ್ಸಿ, ನೇರ ಅವ್ರ ಮನೆ ಬಾಗಿಲಿಗೆ ಹೋಗಿ ನಿಂತ್ಬಿಟ್ರೆ ಇಲ್ಲ ಅನ್ನೋಕೆ ಅವ್ರಿಗೆ ದಾರಿ ಇರಲ್ಲ. ಇನ್ನೂ ಸರ್ವಿಸ್‌ನಲ್ಲಿ ಇರೋರಾದ್ರೆ ಅವ್ರ ಯುನಿಟ್ ಪರ್ಮಿಷನ್ ಬೇಕು, ಅದು ಬೇರೆ ತಲೆನೋವು, ನಿವೃತ್ತರನ್ನೇ ನೋಡಿ.

ಇಲ್ಲಿ ಒಂದು ವಿಷ್ಯ. ನಮ್ಮ ಜನಕ್ಕೆ ಗಾಯಾಳು ಸೈನಿಕ ಅಂದ್ರೆ ಗುಂಡು ತಿಂದಿರ್ಬೇಕು, ಅದೂ ಗಡೀಲಿ ಆಗಿರ್ಬೇಕು. ಸೈನ್ಯದಲ್ಲಿ ಬ್ಯಾಟಲ್ ಕ್ಯಾಜುಯಲ್ಟಿ (ಕಾರ್ಯಾಚರಣೇಲಿ ಆದ ಗಾಯ), ಫಿಸಿಕಲ್ ಕ್ಯಾಜುಯಲ್ಟಿ (ಉಳಿದ ಥರ ಆದದ್ದು) ಅಂತ ಎರಡು ಲೆಕ್ಕ ಇದೆ. ಟ್ರೇನಿಂಗಲ್ಲಿ ಬಿದ್ದವ್ರು, ಬೆಟ್ಟದ ರಸ್ತೇಲಿ ಟ್ರಕ್ ಉರುಳಿ ಬೆನ್ನು ಮುರ್ಕೊಂಡವ್ರು ಎಷ್ಟೋ ಸಲ ಎರಡನೇ ಪಟ್ಟೀಲಿ ಬರ್ತಾರೆ, ಅವ್ರಿಗೆ ಮೆಡಲ್ಲೂ ಇಲ್ಲ ಪೇಪರ್ ಸುದ್ದೀನೂ ಇಲ್ಲ. ಸಿಯಾಚಿನ್ ಅಂದ ತಕ್ಷಣ ನಮಗೆ 2016ರ ಹನುಮಂತಪ್ಪ ಕೊಪ್ಪದ ನೆನಪಾಗ್ತಾರೆ, ಸರಿನೇ, ಆದ್ರೆ ಅಂಥ ಕಡೆ ಹಿಮಕ್ಕೆ ಬೆರಳು ಕಳ್ಕೊಂಡು ಸುಮ್ನೆ ಊರಿಗೆ ಬಂದು ಸೆಕ್ಯೂರಿಟಿ ಕೆಲ್ಸ ಮಾಡ್ತಿರೋರೂ ಇರ್ತಾರೆ. ನನ್ನ ಕೇಳಿದ್ರೆ ನಿಮ್ಮ ಸ್ಟಾಫ್‌ಗೆ ಹೆಚ್ಚು ಹತ್ತಿರ ಆಗೋದು ಇವ್ರೇ. ಯಾಕಂದ್ರೆ ಲೈನ್‌ಮನ್ ಕಂಬದಿಂದ ಬಿದ್ದಾಗಲೂ ಯಾರೂ ಬ್ಯಾಂಡ್ ಬಾರಿಸಲ್ಲ.

ದೊಡ್ಡ ಹೆಸರುಗಳ ಕಥೆ ಗೊತ್ತಿರ್ಲಿ, ಆದ್ರೆ ಅದನ್ನ ಓದೋ ರೀತಿ ಸ್ವಲ್ಪ ಬದ್ಲಾಯಿಸ್ಕೊಳ್ಳಿ. ಮುರಳಿಕಾಂತ್ ಪೇಟ್ಕರ್ 1965ರ ಯುದ್ಧದಲ್ಲಿ ಗುಂಡೇಟು ತಿಂದ್ರು, 1972ರಲ್ಲಿ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಲ್ಲಿ ಚಿನ್ನ ಗೆದ್ರು, ಭಾರತಕ್ಕೆ ಅದೇ ಮೊದಲ್ನೇ ಪ್ಯಾರಾಲಿಂಪಿಕ್ ಚಿನ್ನ. ಅವ್ರು ಮೊದ್ಲು ಬಾಕ್ಸರ್, ಈಜು ಶುರು ಆಗಿದ್ದು ಟ್ರೀಟ್‌ಮೆಂಟ್ ಅಂತ. ಹೊಕಾಟೊ ಸೇಮಾ ನಾಗಾಲ್ಯಾಂಡ್‌ನವ್ರು, 2002ರಲ್ಲಿ ಕಾಶ್ಮೀರದಲ್ಲಿ ನೆಲಬಾಂಬ್ ಸಿಡಿದು ಎಡಗಾಲು ಹೋಯ್ತು, ಶಾಟ್‌ಪುಟ್ ಹಿಡಿದದ್ದು 2016ರಲ್ಲಿ, 2024ರ ಪ್ಯಾರಿಸ್‌ನಲ್ಲಿ ಕಂಚು. ಎಲ್ಲರೂ 2002 ಹೇಳಿ ಸೀದಾ 2024ಕ್ಕೆ ಜಿಗೀತಾರೆ. ನಡುವೆ 14 ವರ್ಷ ಶಾಟ್‌ಪುಟ್ ಇಲ್ಲ ಪೇಪರ್ ಇಲ್ಲ, ಬೆಳಗ್ಗೆ ಎದ್ದು ಕೃತಕ ಕಾಲು ಹಾಕ್ಕೊಂಡು ಆ ದಿನ ಕಳೀಬೇಕಿತ್ತಲ್ಲ, ನಿಮ್ಮ ಸ್ಟಾಫ್ ಕೇಳ್ಬೇಕಾಗಿರೋದು ಆ 14 ವರ್ಷದ್ದು. ನೀವು ಕರೆಸೋರಿಗೂ ಅಂಥ ವರ್ಷಗಳು ಇದ್ದೇ ಇರ್ತವೆ, ನಿಮ್ಮ ತಯಾರಿ ಪೂರ್ತಿ ಆ ಕಡೆ ಇರ್ಲಿ.

ಕರೆಸೋ ಮುಂಚೆ ಅವ್ರ ಜೊತೆ ಕೂತ್ಕೊಳ್ಳಿ

ಒಂದು ಸಲ ಫೋನು, ಒಂದು ಸಲ ಮನೆಗೆ ಹೋಗಿ ಕಾಫಿ. ಮನೇಲಿ ಹೆಂಡ್ತಿ ಅಥ್ವಾ ನೋಡ್ಕೊಳ್ಳೋರು ಇದ್ರೆ ಅವ್ರೂ ಕೂರ್ಲಿ, ಅರ್ಧ ವಿಷ್ಯ ಅವ್ರ ಬಾಯಲ್ಲೇ ಬರುತ್ತೆ. ಮೊದಲ್ನೇ ಪ್ರಶ್ನೆ 'ಏನು ಹೇಳ್ತೀರಾ' ಅಂತ ಕೇಳ್ಬೇಡಿ, 'ಯಾವ ವಿಷ್ಯ ಮಾತಾಡೋದು ಬೇಡ' ಅಂತ ಕೇಳಿ. ಅದನ್ನ ಬರ್ಕೊಳ್ಳಿ, ಸೆಷನ್ ನಡೆಸೋರಿಗೆ ತಿಳ್ಸಿ, ಅವತ್ತು ಯಾರಾದ್ರೂ ಆ ಪ್ರಶ್ನೆ ಎತ್ತಿದ್ರೆ ನೀವೇ ತಡೀರಿ, ಅವ್ರ ಕೈಲಿ ಇಲ್ಲ ಅನ್ನಿಸ್ಬೇಡಿ. ಆಪರೇಷನ್ ವಿವರ, ಜಾಗ, ಯುನಿಟ್ ಸಂಗತಿ ಅವ್ರೂ ಹೇಳೋ ಹಾಗಿಲ್ಲ ನೀವೂ ಕೆದಕಬಾರ್ದು.

ಗಾಯ ಆದ ದಿನಕ್ಕೆ ಐದು ನಿಮಿಷ ಸಾಕು ಅಂತ ಸ್ಪಷ್ಟವಾಗಿ ಹೇಳ್ಬಿಡಿ. ಹಿಂದೆ ಅವ್ರನ್ನ ಕರೆಸಿದವ್ರೆಲ್ಲ ಅದೇ ಕೇಳಿರ್ತಾರೆ, ಅದೇ ಹೇಳಿ ಹೇಳಿ ಅಭ್ಯಾಸ ಆಗಿರುತ್ತೆ, ನೀವು ಬೇಡ ಅಂದ್ರೆ ಎಷ್ಟೋ ಜನಕ್ಕೆ ಹಗುರ ಆಗುತ್ತೆ. ಆಮೇಲೆ ಆಸ್ಪತ್ರೆ ತಿಂಗಳುಗಳು, ಮನೆಗೆ ಬಂದ ಮೊದಲ್ನೇ ವಾರ, ಸಿಟ್ಟು, ಕುಡಿತ ಇದ್ರೆ ಅದೂ, ಮತ್ತೆ ಕೆಲ್ಸಕ್ಕೆ ನಿಂತಿದ್ದು, ಇದಕ್ಕೆ ಟೈಮ್ ಕೊಡಿ. ಕನ್ನಡದಲ್ಲಿ ಮಾತಾಡೋಕೆ ಹೇಳಿ, ಹದಿನೈದಿಪ್ಪತ್ತು ವರ್ಷ ಹಿಂದೀಲೇ ಬದುಕಿದವ್ರು ವೇದಿಕೆ ಅಂದ್ರೆ ಹಿಂದಿಗೆ ಜಾರ್ತಾರೆ, ಊರಿನ ಮಾತಲ್ಲಿ ಆದ್ರೆ ಸುಳ್ಳುಗಂಭೀರ ಇರಲ್ಲ.

ದುಡ್ಡಿನ ವಿಷ್ಯ ಮುಚ್ಚುಮರೆ ಬೇಡ. ಹೋಗಿಬರೋಕೆ ಕಾರು, ಒಂದು ಗೌರವಧನ, ಮೊದ್ಲೇ ಹೇಳಿ. ದೇಶಸೇವೆ ಮಾಡಿದವ್ರಿಗೆ ದುಡ್ಡು ಕೊಡೋದು ಅವಮಾನ ಅನ್ನೋ ಮಾತನ್ನ ನಾನು ಕೇಳಿದೀನಿ, ಹಾಗೆ ಅನ್ನೋರು ಮಾತ್ರ ತಮ್ಮ ಟಿಎ ಬಿಲ್ ಬಿಡಲ್ಲ.

ಜಾಗ ಮತ್ತೆ ಟೈಮು

ನೆಲಮಹಡಿ. ವೀಲ್‌ಚೇರ್ ಬರುತ್ತೆ ಅಂದ್ರೆ ರಾಂಪ್ ಇದೆಯಾ ನೋಡಿ, ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರ್ಬೇಕು, ನಮ್ಮ ಎಷ್ಟೋ ಕಟ್ಟಡದ ರಾಂಪು ಮಕ್ಕಳು ಜಾರ್ಕೊಂಡು ಆಡೋ ಹಾಗಿರ್ತವೆ. ಟಾಯ್ಲೆಟ್ ಬಾಗಿಲಲ್ಲಿ ವೀಲ್‌ಚೇರ್ ಹೋಗುತ್ತಾ ಅಂತ ಹಿಂದಿನ ದಿನಾನೇ ಟೇಪ್ ಹಿಡಿದು ನೋಡಿ. ನಾಲ್ಕು ಜನ ಸೇರಿ ಅವ್ರನ್ನ ಎತ್ಕೊಂಡು ಮೆಟ್ಟಿಲು ಹತ್ತಿಸಿದ್ರೆ ನೀವು ಅಲ್ಲೇ ಸೋತ್ರಿ. ಕೃತಕ ಕಾಲಿನವ್ರಿಗೆ ಕೈ ಇರೋ ಕುರ್ಚಿ, ಫ್ಯಾನ್ ಹತ್ರ, ಯಾಕಂದ್ರೆ ಸೆಕೆಗೆ ಸಾಕೆಟ್ (ಕೃತಕ ಕಾಲಲ್ಲಿ ಉಳಿದ ಕಾಲು ಕೂರೋ ಭಾಗ) ಒಳಗೆ ಬೆವರಿ ಚರ್ಮ ಉಜ್ಜುತ್ತೆ. ನಿಂತ್ಕೊಂಡು ಮಾತಾಡಿ ಅಂತ ಹೇಳ್ಬೇಡಿ.

ಟೈಮು ಡ್ಯೂಟಿ ಒಳಗೇ ಇರ್ಬೇಕು. ವಾರದ ರಜೇಲಿ ಕರೆಸಿ ಒತ್ತಡ ನಿಭಾಯಿಸೋದು ಹೇಗೆ ಅಂತ ಕಲಿಸೋದು ಒಂಥರಾ ಜೋಕು. ಆಶಾಗಳಿಗೆ ತಿಂಗಳ ಮೀಟಿಂಗ್ ದಿನ, ಪೌರಕಾರ್ಮಿಕರಿಗೆ ಬೆಳಗಿನ ಕೆಲ್ಸ ಮುಗಿದು ತಿಂಡಿ ಆದ್ಮೇಲೆ, ಲೈನ್‌ಮನ್‌ಗಳಿಗೆ ಮಳೆಗಾಲ ಬಿಟ್ಟು ಯಾವಾಗಾದ್ರೂ. ಎಲ್ಲಾ ಕೇಡರ್ ಒಟ್ಟಿಗೆ ತುಂಬ್ಬೇಡಿ. ಮತ್ತೆ ಸೂಪರ್‌ವೈಸರ್, ಡಾಕ್ಟ್ರು, ಜೂನಿಯರ್ ಎಂಜಿನಿಯರ್, ಯಾರೂ ಒಳಗೆ ಬೇಡ. ಇದಕ್ಕೆ ಗಲಾಟೆ ಆಗುತ್ತೆ, 'ನಾವು ಸುಮ್ನೆ ಹಿಂದೆ ಕೂರ್ತೀವಿ' ಅಂತಾರೆ, ಹಿಂದೆ ಕೂತ್ರೂ ಅಷ್ಟೇ, ಯಾರೂ ಬಾಯಿ ಬಿಡಲ್ಲ. ಫೋಟೋ ಬೇಕೇ ಬೇಕು ಅಂದ್ರೆ ಮುಗಿದ್ಮೇಲೆ ಹೊರಗೆ ಒಂದು, ಬೇಕಾದವ್ರು ಮಾತ್ರ.

ಒಳಗೆ ಏನು ನಡೀಬೇಕು

ಗುಂಡಗೆ ಕುರ್ಚಿ ಹಾಕಿ. ಶುರುವಿನಲ್ಲೇ ಹೇಳಿ: ಇವತ್ತು ಗಾಯ, ಸಾವು ಎಲ್ಲಾ ಮಾತಿಗೆ ಬರಬಹುದು, ಎದ್ದು ಹೋಗ್ಬೇಕು ಅನ್ಸಿದ್ರೆ ಹೋಗಿ, ಯಾರೂ ಕಾರಣ ಕೇಳಲ್ಲ, ಇಲ್ಲಿ ಆಡಿದ್ದು ಇಲ್ಲೇ. ವಿಡಿಯೋ ಹಾಕ್ಬೇಡಿ, ಅದ್ರಲ್ಲೂ ಬ್ಲಾಸ್ಟ್ ಸೌಂಡು ದೇಶಭಕ್ತಿ ಮ್ಯೂಸಿಕ್ಕು ಇರೋ ಪಿಪಿಟಿ ಬೇಡವೇ ಬೇಡ.

ಮುಖ್ಯವಾದ್ದು ಇದು. ಎಲ್ಲರೂ ತಮ್ಮ ತಮ್ಮ ಕೆಟ್ಟ ಅನುಭವ ಹೇಳ್ಲೇಬೇಕು ಅಂತ ಸರದಿ ಹಚ್ಬೇಡಿ. ಘಟನೆ ಆದ್ಮೇಲೆ ಒಂದೇ ಸಲ ಕೂರಿಸಿ ಎಲ್ಲಾ ಕಕ್ಕಿಸಿದ್ರೆ ಮನಸು ಸರಿಹೋಗುತ್ತೆ ಅಂತ ಒಂದು ಕಾಲದಲ್ಲಿ ನಂಬಿದ್ರು, ಆಮೇಲೆ ಅಧ್ಯಯನ ಮಾಡಿ ನೋಡಿದ್ರೆ ಅದ್ರಿಂದ ಪಿಟಿಎಸ್‌ಡಿ (ಆಘಾತ ಆದ್ಮೇಲೆ ಬಿಡದೆ ಕಾಡೋ ಮನಸಿನ ಕಾಯಿಲೆ) ತಡೆಯೋಕೆ ಆಗಲ್ಲ, ಕೆಲವ್ರಿಗೆ ಇನ್ನೂ ಹೆಚ್ಚೇ ಆಗ್ಬಹುದು ಅಂತ ಗೊತ್ತಾಯ್ತು. ಅದಕ್ಕೇ ಈಗ ಒತ್ತು ಇರೋದು ಜೊತೆ ಕೆಲ್ಸಗಾರರ ಮೇಲೆ. ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯಲ್ಲಿ 1990ರ ದಶಕದಲ್ಲಿ ಟ್ರಿಮ್ ಅನ್ನೋ ಪದ್ಧತಿ ಬಂತು, ಪಕ್ಕದಲ್ಲಿ ಕೆಲ್ಸ ಮಾಡೋರಿಗೇ ಸ್ವಲ್ಪ ತರಬೇತಿ ಕೊಟ್ಟು, ಘಟನೆ ಆದ ಕೆಲ ದಿನದಲ್ಲಿ ಒಮ್ಮೆ, ಸುಮಾರು ತಿಂಗಳಾದ್ಮೇಲೆ ಇನ್ನೊಮ್ಮೆ ಮಾತಾಡ್ಸಿ, ಸರಿ ಇಲ್ಲ ಅನ್ಸಿದ್ರೆ ಡಾಕ್ಟ್ರ ಹತ್ರ ಕಳಿಸೋದು, ಅಲ್ಲಿಂದ ಅದು ಪೊಲೀಸು ಆಂಬ್ಯುಲೆನ್ಸ್‌ನವ್ರಿಗೂ ಹೋಯ್ತು. ನಿಮ್ಮ ಸೆಷನ್ನೂ ಟ್ರೀಟ್‌ಮೆಂಟ್ ಅಲ್ಲ, ಹಾಗಂತ ಹೇಳ್ಕೊಳ್ಳೋಕೂ ಹೋಗ್ಬೇಡಿ.

ಪ್ರಶ್ನೆಗಳನ್ನ ನೀವೇ ರೆಡಿ ಇಟ್ಕೊಳ್ಳಿ, ಮೊದಲ ಹತ್ತು ನಿಮಿಷ ಯಾರೂ ಕೇಳಲ್ಲ. ಚೆನ್ನಾಗಿ ನಡೆಯೋ ಪ್ರಶ್ನೆಗಳು ಅಂದ್ರೆ, ಯಾರ ಸಹಾಯ ತಗೊಳ್ಳೋದು ತುಂಬ ಕಷ್ಟ ಆಯ್ತು? ಈಗ್ಲೂ ಕೆಟ್ಟ ದಿನ ಬಂದ್ರೆ ಬೆಳಗ್ಗೆ ಎದ್ದು ಮೊದ್ಲು ಏನು ಮಾಡ್ತೀರಾ? ಯಾರ ಯಾವ ಮಾತು ಉಪಯೋಗಕ್ಕೆ ಬರ್ಲಿಲ್ಲ? (ಈ ಮೂರನೇದಕ್ಕೆ ಸಾಮಾನ್ಯವಾಗಿ ನಗು ಗ್ಯಾರಂಟಿ, 'ಎಲ್ಲಾ ಒಳ್ಳೇದಕ್ಕೇ ಆಗೋದು' ಅಂದ ನೆಂಟರು ಪ್ರತಿ ಮನೇಲೂ ಇದಾರೆ.) ಕೇಳ್ಬಾರ್ದ ಪ್ರಶ್ನೆಗಳು: ಎಷ್ಟು ಜನರನ್ನ ಹೊಡೆದ್ರಿ, ಪೆನ್ಷನ್ ಎಷ್ಟು ಬರುತ್ತೆ, ಮತ್ತೆ ಗಡಿಗೆ ಕರೆದ್ರೆ ಹೋಗ್ತೀರಾ.

ಈಗ ಅವ್ರ ಮಾತಿಂದ ಏನು ಹೆಕ್ಕಬೇಕು ಅನ್ನೋದು. ಧೈರ್ಯದ ಮಾತು ಬಿಟ್ಹಾಕಿ, ಅಭ್ಯಾಸಗಳನ್ನ ಹಿಡೀರಿ. ಪುಣೆ ಹತ್ರ ಖಡ್ಕಿಯಲ್ಲೂ ಮೊಹಾಲಿಯಲ್ಲೂ ಬೆನ್ನುಹುರಿ ಪೆಟ್ಟಾದ ಸೈನಿಕರಿಗೆ ಪುನರ್ವಸತಿ ಕೇಂದ್ರಗಳಿವೆ. ಬೆನ್ನುಹುರಿ ಹೋದವ್ರಿಗೆ ಸೊಂಟದ ಕೆಳಗೆ ನೋವೇ ಗೊತ್ತಾಗಲ್ಲ, ಒಂದೇ ಕಡೆ ಒರಗಿದ್ರೆ ಚರ್ಮ ಕೊಳೆತು ಹುಣ್ಣಾಗುತ್ತೆ, ಆ ಹುಣ್ಣು ಜೀವಾನೇ ತೆಗೀಬಹುದು. ಅದಕ್ಕೆ ಹಾಸಿಗೇಲಿ ಎರಡು ಗಂಟೆಗೊಮ್ಮೆ ಮಗ್ಗಲು ಬದ್ಲಾಯಿಸ್ಬೇಕು, ವೀಲ್‌ಚೇರಲ್ಲಿ ಕೂತಿದ್ರೆ ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಕೈ ಊರಿ ಮೈ ಎತ್ತಬೇಕು, ಬೇಜಾರಿರ್ಲಿ ಖುಷಿ ಇರ್ಲಿ ನೆಂಟರಿರ್ಲಿ, ಗಡಿಯಾರ ನೋಡ್ಕೊಂಡು. ನೋವು ಬಂದ್ಮೇಲೆ ರೆಸ್ಟ್ ಮಾಡ್ತೀನಿ ಅನ್ನೋ ಸೌಲಭ್ಯ ಅವ್ರಿಗಿಲ್ಲ. ಇದನ್ನ ಒಬ್ರು ನರ್ಸ್ ಮುಂದೆ ಇಡಿ, ಅವ್ರು ಪೇಶೆಂಟ್‌ನ ಎರಡು ಗಂಟೆಗೊಮ್ಮೆ ತಪ್ಪದೆ ತಿರುಗಿಸ್ತಾರೆ, ತಾವು ಮಾತ್ರ ಇಡೀ ಶಿಫ್ಟು ನೀರು ಕುಡ್ದಿರಲ್ಲ, ಟಾಯ್ಲೆಟ್‌ಗೆ ಹೋಗಿರಲ್ಲ. ಸುಸ್ತಾದಾಗ ಅಲ್ಲ, ಟೈಮಾದಾಗ ನಿಲ್ಲಿಸೋದು. ಇದನ್ನ ವೈದ್ಯರು ಹೇಳಿದ್ರೆ ಉಪದೇಶ ಆಗುತ್ತೆ, ವೀಲ್‌ಚೇರಲ್ಲಿ ಕೂತು ಮಾತಾಡ್ತಾ ಮಾತಾಡ್ತಾನೇ ಮೈ ಎತ್ತಿ ಇಳಿಸೋ ಮನುಷ್ಯ ಹೇಳಿದ್ರೆ ಬೇರೆ.

ಇನ್ನೊಂದು, ಕೃತಕ ಕಾಲಿನವ್ರು ರಾತ್ರಿ ಕಾಲು ಬಿಚ್ಚಿ ಮೊಂಡನ್ನ (ಕತ್ತರಿಸಿ ಉಳಿದ ಕಾಲಿನ ತುದಿ) ಕೈಯಲ್ಲಿ ಮುಟ್ಟಿ, ಕೆಳಭಾಗಕ್ಕೆ ಕನ್ನಡಿ ಹಿಡಿದು ನೋಡ್ತಾರೆ, ಎಲ್ಲಾದ್ರೂ ಕೆಂಪು ಇದೆಯಾ ಅಂತ. ಸಣ್ಣ ಕೆಂಪನ್ನ ಉದಾಸೀನ ಮಾಡಿದ್ರೆ ಗುಳ್ಳೆ, ಗುಳ್ಳೆ ಆದ್ರೆ ವಾಸಿ ಆಗೋವರೆಗೂ ಕಾಲು ಹಾಕೋ ಹಾಗಿಲ್ಲ, ಕೆಲ್ಸವೂ ಇಲ್ಲ. ಸ್ಟಾಫ್‌ನ ಕೇಳಿ, ನಿಮ್ಮ ಕೆಂಪು ಯಾವುದು? ಒಬ್ಬೊಬ್ಬರದು ಒಂದೊಂದು, ಮಕ್ಕಳ ಮೇಲೆ ರೇಗೋದು, ನಿದ್ದೆ ಎರಡು ಗಂಟೆಗೇ ಒಡೆಯೋದು, ಸತ್ತ ಪೇಶೆಂಟ್ ಬಗ್ಗೆ ಏನೂ ಅನ್ನಿಸದೇ ಇರೋದು, ಸಂಜೆ ಒಂದು ಪೆಗ್ ಎರಡಾಗೋದು. ಹೇಳ್ಬೇಕಂತಿಲ್ಲ, ಚೀಟೀಲಿ ಬರ್ಕೊಂಡು ಜೇಬಲ್ಲಿ ಇಟ್ಕೊಂಡ್ರೆ ಸಾಕು.

'ಬಡಿ' (buddy, ಜೊತೆಗಾರ) ಅನ್ನೋದು ಸೈನ್ಯದಲ್ಲಿ ದೊಡ್ಡ ವಿಷ್ಯ, ಇಬ್ಬಿಬ್ರು ಜೋಡಿ, ಅವನು ಊಟ ಮಾಡಿದ್ನಾ, ಕಾಲುಚೀಲ ಒದ್ದೆ ಇದೆಯಾ, ಮನೆಯಿಂದ ಫೋನ್ ಬಂತಾ, ಎಲ್ಲಾ ಇನ್ನೊಬ್ಬನ ಜವಾಬ್ದಾರಿ. ಸ್ನೇಹ ಇರ್ಲೇಬೇಕಂತಿಲ್ಲ, ಅದು ಡ್ಯೂಟಿ. 108ರ ಡ್ರೈವರ್ರು, ಒಳಗೆ ರೋಗಿನ ನೋಡ್ಕೊಳ್ಳೋ ಇಎಂಟಿ ಆಗ್ಲೇ ಜೋಡಿನೇ, ಲೈನ್‌ಮನ್‌ಗಳಲ್ಲಿ ಮೇಲೆ ಹತ್ತೋನಿಗೆ ಕೆಳಗೊಬ್ಬ ಇರ್ಬೇಕು ಅನ್ನೋದು ಸೇಫ್ಟಿ ವಿಷ್ಯ. ಪಾಪ ಆಶಾ ಒಬ್ಬಳೇ ಹೋಗ್ತಾಳೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಕೋವಿಡ್ ಸರ್ವೆಗೆ ಹೋದ ಆಶಾ ಕಾರ್ಯಕರ್ತೆ ಮೇಲೆ ಹಲ್ಲೆ ಆಗಿದ್ದು ನೆನಪಿದ್ಯಲ್ಲ. ಆ ಕೋಣೆಯಲ್ಲೇ ಜೋಡಿ ಮಾಡ್ಸಿ, ಪಕ್ಕದ ಹಳ್ಳಿಯವ್ಳ ಜೊತೆ, ದಿನಕ್ಕೊಂದು ಮಿಸ್ಡ್ ಕಾಲ್, ಬರ್ಲಿಲ್ಲ ಅಂದ್ರೆ ವಿಚಾರಿಸೋದು.

ಮತ್ತೆ ಜಗಳ ಆಡೋದೂ ಇದ್ರಲ್ಲೇ ಬರುತ್ತೆ. ಸೇನಾಧಿಕಾರಿ ಇಯಾನ್ ಕಾರ್ಡೋಜೊ 1971ರ ಯುದ್ಧದಲ್ಲಿ ನಜ್ಜುಗುಜ್ಜಾದ ತಮ್ಮ ಕಾಲನ್ನ ಖುಕ್ರೀಲಿ (ಗೂರ್ಖಾಗಳ ಬಾಗಿದ ಕತ್ತಿ) ತಾವೇ ಕತ್ತರಿಸ್ಕೊಂಡ್ರು ಅಂತ ಎಲ್ಲರಿಗೂ ಗೊತ್ತು, ಅದಾದ್ಮೇಲೆ ಕೃತಕ ಕಾಲಲ್ಲೇ ಫಿಟ್‌ನೆಸ್ ತೋರ್ಸಿ, ಹಠ ಹಿಡಿದು, ಬೆಟಾಲಿಯನ್ ಕಮಾಂಡ್ ತಗೊಂಡ ಮೊದಲ ಅಂಗವಿಕಲ ಅಧಿಕಾರಿ ಆದ್ರು ಅನ್ನೋದನ್ನ ಕಡಿಮೆ ಜನ ಹೇಳ್ತಾರೆ. ತಡ್ಕೊಳ್ಳೋದು ಅಂದ್ರೆ ಬಾಯಿ ಮುಚ್ಕೊಂಡು ಇರೋದು ಅಂತ ನಿಮ್ಮ ಸ್ಟಾಫ್‌ಗೆ ಅನ್ನಿಸ್ಬಾರ್ದು. 2025ರ ಜನವರೀಲಿ ಆಶಾಗಳು ಫ್ರೀಡಂ ಪಾರ್ಕಲ್ಲಿ ಅಹೋರಾತ್ರಿ ಧರಣಿ ಕೂತಿದ್ರಲ್ಲ, ಅಂಥವ್ರಿಗೆ 'ಸೈನಿಕರನ್ನ ನೋಡಿ, ಅವ್ರು ಏನೂ ಕೇಳಲ್ಲ' ಅಂತ ಯಾರಾದ್ರೂ ಅಂದ್ರೆ ಅಲ್ಲೇ ತಡೀರಿ. ಸೈನಿಕ್ರೂ ಕೇಳ್ತಾರೆ ಸ್ವಾಮಿ, ಡಿಸೆಬಿಲಿಟಿ ಪೆನ್ಷನ್‌ಗೆ ಟ್ರಿಬ್ಯುನಲ್ ಮೆಟ್ಟಿಲು ಹತ್ತಿದವ್ರು ಎಷ್ಟು ಜನ ಇಲ್ಲ. ಗ್ಲೌಸ್ ಇಲ್ಲ, ಸಂಬಳ ತಡ, ಒಬ್ರಿಗೆ ಮೂವರ ಕೆಲ್ಸ, ಇದನ್ನೆಲ್ಲ ಒಬ್ಬ ಗಾಯಾಳು ಸೈನಿಕನ ಕಥೆಯಿಂದ ಮುಚ್ಚೋಕೆ ಅಂತ ಸೆಷನ್ ಮಾಡೋದಾದ್ರೆ ದಯವಿಟ್ಟು ಮಾಡ್ಬೇಡಿ. ಕೋಣೆಯಲ್ಲಿ ಇಂಥ ಮಾತು ಬಂದೇ ಬರುತ್ತೆ, ಒಂದು ಹಾಳೇಲಿ ಹೆಸರಿಲ್ದೆ ಬರ್ಕೊಂಡು ಮೇಲಿನವ್ರಿಗೆ ಕೊಡಿ.

ನರ್ಸ್‌ಗಳ ಗುಂಪಿಗೆ ಒಂದು ವಿಶೇಷ ಇದೆ, ಅದಕ್ಕೆ ಕೊನೇ ಇಪ್ಪತ್ತು ನಿಮಿಷ ಇಡಿ. ವಾರ್ಡಲ್ಲಿ ಕೆಲ್ಸ ಮಾಡೋರು ಮನುಷ್ಯರನ್ನ ಅವ್ರ ಅತೀ ಕೆಟ್ಟ ದಿನದಲ್ಲಷ್ಟೇ ನೋಡ್ತಾರೆ, ಡಿಸ್ಚಾರ್ಜ್ ಆದ್ಮೇಲೆ ಅವ್ರು ಏನಾದ್ರು ಅಂತ ಗೊತ್ತೇ ಆಗಲ್ಲ. ಎದುರಿಗೆ ಕೂತಿರೋರು ಅದೇ ಪೇಶೆಂಟು, ಎಷ್ಟೋ ವರ್ಷ ಆದ್ಮೇಲೆ. ಅವ್ರನ್ನ ಕೇಳಿ, ಆಸ್ಪತ್ರೇಲಿ ಇದ್ದಾಗ ಯಾರು ನೆನಪಿದಾರೆ, ಏನು ಮಾಡಿದ್ರು ಅವ್ರು. ದೊಡ್ಡ ಸರ್ಜನ್ ಹೆಸ್ರೇ ಬರುತ್ತೆ ಅಂದ್ಕೊಬೇಡಿ, ತಲೆ ತೊಳೆದುಕೊಟ್ಟ ವಾರ್ಡ್ ಸಹಾಯಕ, ಇಲ್ಲದ ಕಾಲು ನೋಯ್ತಿದೆ ಅಂದಾಗ ನಗದೇ ನಂಬಿದ ಸಿಸ್ಟರ್, ಇಂಥವ್ರೂ ಬರ್ತಾರೆ. (ಇಲ್ಲದ ಕಾಲು ನೋಯೋದು ನಿಜ, ಮಿದುಳಲ್ಲಿ ಆ ಕಾಲಿನ ಜಾಗ ಹಾಗೇ ಇರುತ್ತೆ, ನಮ್ಮವ್ರೇ ಆದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಕನ್ನಡಿ ಪೆಟ್ಟಿಗೆ ಇಟ್ಕೊಂಡೇ ಇದಕ್ಕೊಂದು ದಾರಿ ತೋರ್ಸಿದ್ರು.) ಈ ಭಾಗಕ್ಕೆ ನೀವು ಮಧ್ಯೆ ಬಾಯಿ ಹಾಕ್ಬೇಡಿ.

ಮುಗಿದ ಮೇಲೆ

ಯಾರಾದ್ರೂ ತುಂಬಾ ಕಲಕಿಹೋದ್ರೆ ಅಂತ ಒಬ್ರು ತಿಳಿದವ್ರು ಹೊರಗೆ ಇರ್ಬೇಕು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಮೊದ್ಲೇ ಹೇಳಿಡಿ, ಅಂದ ಹಾಗೆ ಇಡೀ ದೇಶದಲ್ಲಿರೋ ಈ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವ್ರು ನಮ್ಮ ಬಳ್ಳಾರೀಲಿ ಮಾಡಿದ ಪ್ರಯೋಗ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಫ್ರೀ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡ್ತಾರೆ, ಎಲ್ಲರ ಮೊಬೈಲಲ್ಲೂ ಅಲ್ಲೇ ಸೇವ್ ಮಾಡ್ಸಿ. ವಾರಗಟ್ಲೆ ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ಸುತ್ತೆ ಅನ್ನೋರಿಗೆ ಜೊತೆಗಾರ ಸಾಕಾಗಲ್ಲ, ಡಾಕ್ಟ್ರೇ ಬೇಕು.

ಬಂದ ಸೈನಿಕರನ್ನ ಮರೀಬೇಡಿ. ಅವತ್ತು ರಾತ್ರಿ ಅವ್ರಿಗೆ ಹಳೇದೆಲ್ಲ ಎದ್ದು ಬರ್ಬಹುದು, ಮಾರನೇ ದಿನ ಬೆಳಗ್ಗೆ ಫೋನ್ ಮಾಡಿ, ಥ್ಯಾಂಕ್ಸ್ ಹೇಳೋಕೆ ಅಲ್ಲ, ನಿದ್ದೆ ಬಂತಾ ಅಂತ ಕೇಳೋಕೆ. ಚೆನ್ನಾಗಿ ಮಾತಾಡಿದ್ರು ಅಂತ ಪಕ್ಕದ ತಾಲೂಕಿನವ್ರು ನಂಬರ್ ಕೇಳ್ತಾರೆ, ಅವ್ರನ್ನ ಕೇಳದೆ ಕೊಡ್ಬೇಡಿ, ಒಂದೇ ವಾರದಲ್ಲಿ ಮೂರು ಕಡೆ ಅದೇ ಕಥೆ ಹೇಳ್ಸೋದು ಹಿಂಸೆ.

ತಿಂಗಳಾದ್ಮೇಲೆ ಅದೇ ಹತ್ತು ಹನ್ನೆರಡು ಜನರನ್ನ ಅರ್ಧ ಗಂಟೆ ಕೂರ್ಸಿ. ಜೋಡಿ ಇನ್ನೂ ಫೋನ್ ಮಾಡ್ತಿದೀರಾ, ಶಿಫ್ಟಲ್ಲಿ ನೀರು ಕುಡಿಯೋ ಟೈಮ್ ಸಿಗ್ತಿದೆಯಾ, ಆ ಹಾಳೆ ಮೇಲಿನವ್ರ ಟೇಬಲ್ ಮೇಲೆ ಏನಾಯ್ತು. ಆ ಹೊತ್ತಿಗೆ ಇನ್ನೊಂದೂ ನಡೆದಿರ್ಬಹುದು, ನಿಮ್ಮದೇ ಸ್ಟಾಫಲ್ಲಿ ಕರೆಂಟ್ ಹೊಡೆದು ಕೈ ಕಳ್ಕೊಂಡು ಈಗ ಆಫೀಸಲ್ಲಿ ಫೈಲ್ ನೋಡ್ಕೊಂಡಿರೋ ಲೈನ್‌ಮನ್ನೋ, ಸೂಜಿ ಚುಚ್ಚಿ ಆರು ತಿಂಗಳು ಟೆಸ್ಟ್ ರಿಪೋರ್ಟ್‌ಗೆ ಕಾದ ನರ್ಸೋ, ನಾನೂ ಸ್ವಲ್ಪ ಹೇಳ್ತೀನಿ ಅಂತ ಬರ್ತಾರೆ. ಬಂದ್ರೆ ಮುಂದಿನ ಸೆಷನ್ ಅವ್ರದ್ದು, ಸೈನಿಕರು ಪಕ್ಕದಲ್ಲಿ ಕೂರ್ಲಿ. ತಯಾರಿ ಮಾತ್ರ ಅದೇ: ಮನೆಗೆ ಹೋಗಿ, ಯಾವ ವಿಷ್ಯ ಬೇಡ ಅಂತ ಮೊದ್ಲು ಕೇಳಿ, ಮತ್ತೆ ಅವ್ರ ಸೂಪರ್‌ವೈಸರ್‌ನ ಈ ಸಲವೂ ಹೊರಗೇ ಕೂರ್ಸಿ.